ಕಣ್ಣು ತಪ್ಪಿದ ಅನ್ನಪಕ್ಷಿ

ಮಾವನ ಫೋನು ಬಂದಾಗ ನಾನು ಕೊಯಮತ್ತೂರಿನ ಉಕ್ಕಡಂ ನಿಲ್ದಾಣದಲ್ಲಿ ಪೋತ್ತನೂರಿನ ಬಸ್ಸಿಗೆ ಕಾಯುತ್ತಿದ್ದೆ. ಹಲೋ ಎನ್ನಲೂ ಅವರು ಬಿಡಲಿಲ್ಲ.

"ಅಮ್ಮಿಣಿ, ಅನ್ನಪಕ್ಷಿಗೆ ಕಣ್ಣಿಲ್ಲ."

"ಯಾವ ಅನ್ನಪಕ್ಷಿ ಮಾಮ?"

"ಸೀರೆ ಅಂಚಿಂದು. ಬೆಳಗ್ಗೆ ನೇಯ್ದದ್ರಲ್ಲಿ ಇದೆ, ಮಧ್ಯಾಹ್ನದ ಮೇಲೆ ನೇಯ್ದದ್ರಲ್ಲಿ ಇಲ್ಲ. ನೀವು ಮಾಡಿಕೊಟ್ಟ ಡಬ್ಬಿ ಹಿಂಗೆ ಮಾಡುದ್ರೆ ನಾನ್ ಯಾರ್‍ನ ಕೇಳ್ಲಿ?"

ಮಾವ ಎಂದರೆ ಅಮ್ಮನ ತಮ್ಮ, ನನ್ನನ್ನು ಮುದ್ದಿಗೆ ಅಮ್ಮಿಣಿ ಅನ್ನುತ್ತಾರೆ. ವೆಳ್ಳಕೋಯಿಲ್ ಊರಾಚೆ ಒಂದು ಶೆಡ್ಡಿನಲ್ಲಿ ಮಗ್ಗಗಳನ್ನು ಇಟ್ಟುಕೊಂಡು ಸೀರೆ ನೇಯಿಸುತ್ತಾರೆ. ಮಗ್ಗ ಎಂಬ ಮಾತು ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲಿ ಇಲ್ಲ. ತಮಿಳಿನಂತೆ ತರಿ ಎಂದೇ ಅನ್ನುತ್ತೇವೆ. ಅಂಚಿನ ಚಿತ್ತಾರಕ್ಕೆ ಹಿಂದೆ ತೂತು ಹೊಡೆದ ರಟ್ಟುಗಳನ್ನು ಮಾಲೆ ಕಟ್ಟಿ ತರಿಯ ಮೇಲೆ ಏರಿಸುತ್ತಿದ್ದರು. ಈಗ ಆ ಕೆಲಸವನ್ನು ಒಂದು ಎಲೆಕ್ಟ್ರಾನಿಕ್ ಡಬ್ಬಿ ಮಾಡುತ್ತದೆ. ಅದರೊಳಗಿನ ಮೆಮೊರಿ ಚಿಪ್ಪಿನಲ್ಲಿ ಚಿತ್ತಾರ ಸಾಲು ಸಾಲಾಗಿ ಕೂತಿರುತ್ತದೆ. ಪ್ರತಿ ಸಾಲಿಗೂ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಅದು ಹೇಳುತ್ತದೆ. ಆ ಡಬ್ಬಿಯನ್ನು ಮಾಡುವ ಕೊಯಮತ್ತೂರಿನ ಸಣ್ಣ ಕಂಪನಿಯಲ್ಲಿ ನಾನು ಎಂಜಿನಿಯರ್. ಮಾವನಿಗೆ ಅದನ್ನು ಕೊಳ್ಳಿ ಎಂದು ಹೇಳಿದವಳೂ ನಾನೇ. ಹಾಗಾಗಿ ಅನ್ನಪಕ್ಷಿಯ ಕಣ್ಣು ನನ್ನ ತಲೆಗೇ ಬಂತು.

ಮಾರನೆಯ ದಿನ ಪಲ್ಲಡಂ, ಕಾಂಗೇಯಂ ದಾಟಿ ವೆಳ್ಳಕೋಯಿಲ್‌ಗೆ ಹೋದೆ. ಅತ್ತೆ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು ಶೆಡ್ಡಿಗೆ ನಡೆದೆ. ಮಾವ ಸೀರೆ ಹರಡಿದರು. ಸಾಲಾಗಿ ಕೂತ ಹಕ್ಕಿಗಳು. ಒಂದಷ್ಟು ದೂರ ಎಲ್ಲವಕ್ಕೂ ಜರಿಯ ಕಣ್ಣು, ಆಮೇಲೆ ಇದ್ದಕ್ಕಿದ್ದಂತೆ ಕುರುಡು. ಒಂದು ಸಾಲಿನಲ್ಲಿ ಒಂದೇ ಒಂದು ಎಳೆ ಏಳಬೇಕಾದ ಕಡೆ ಎದ್ದಿರಲಿಲ್ಲ, ಅಷ್ಟೆ. ಒಂದನ್ನೋ ಸೊನ್ನೆಯನ್ನೋ ಇಟ್ಟುಕೊಳ್ಳುವ ಚಿಪ್ಪಿನ ಲಕ್ಷಾಂತರ ಮನೆಗಳಲ್ಲಿ ಒಂದು ಮನೆ ತನ್ನೊಳಗೆ ಇಟ್ಟದ್ದನ್ನು ಕಳೆದುಕೊಂಡಿತ್ತು.

ಆದರೆ ನಾನು ಹೋದ ಹೊತ್ತಿಗೆ ಆ ತರಿಯಲ್ಲಿ ಹಕ್ಕಿಗಳಿಗೆ ಮತ್ತೆ ಕಣ್ಣು ಬಂದಿತ್ತು.

"ನೀ ಬಂದ್ಯಲ್ಲ, ಭಯಕ್ಕೆ ಸರಿಹೋಗಿದೆ," ಎಂದರು ಮಾವ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೆಟ್ಟೇ ಹೋದ ಚಿಪ್ಪಿನ ಜೊತೆ ಬದುಕಬಹುದು, ಕಿತ್ತು ಬಿಸಾಡಿದರಾಯಿತು. ಬಂದು ಹೋಗುವ ತಪ್ಪು ಹಾಗಲ್ಲ. ಹೊಸ ಚಿಪ್ಪು ಹಾಕಿ, ಹಳೆಯದನ್ನು ಕೈಚೀಲದಲ್ಲಿಟ್ಟುಕೊಂಡು ಬಂದೆ. ಕಂಪನಿಯ ಪರೀಕ್ಷಾ ಯಂತ್ರದಲ್ಲಿ ಅದನ್ನು ಕೂರಿಸಿ ಎಲ್ಲಾ ಮನೆಗಳಲ್ಲೂ ಒಂದು ಬರೆದು ಓದಿದೆ, ಸೊನ್ನೆ ಬರೆದು ಓದಿದೆ, ಒಂದು ಬಿಟ್ಟು ಒಂದರಲ್ಲಿ ಬರೆದು ಓದಿದೆ. ಎಲ್ಲದರಲ್ಲೂ ಪಾಸು. ತಲೆಕೂದಲು ಒಣಗಿಸುವ ಡ್ರೈಯರ್ ಮನೆಯಿಂದ ತಂದು ಬಿಸಿಗಾಳಿ ಬಿಟ್ಟೆ. ಆಗಲೂ ಪಾಸು. ಅಷ್ಟರಲ್ಲಿ ಮಾವನಿಗೆ ಕೊಟ್ಟಿದ್ದ ಹೊಸ ಚಿಪ್ಪೂ ಅದೇ ಆಟ ಶುರುಮಾಡಿತು. ಈ ಸಲ ಹೋದದ್ದು ಹಕ್ಕಿಯ ಕೊಕ್ಕಿನ ತುದಿ.

ಆ ದಿನಗಳಲ್ಲಿ ನನಗೆ ಎಲ್ಲೂ ಕೂರಲಾಗುತ್ತಿರಲಿಲ್ಲ. ಊಟದ ನಡುವೆ ಎದ್ದು ಹೋಗಿ ಏನೋ ಗೀಚಿ ಬರುತ್ತಿದ್ದೆ. ಬಸ್ಸಿನಲ್ಲಿ ಜಾಗ ಸಿಕ್ಕರೂ ನಿಂತೇ ಬರುತ್ತಿದ್ದೆ. ಬೀಗ ಹಾಕಿದ ಬಾಗಿಲನ್ನು ಮತ್ತೆ ಎಳೆದು ನೋಡುವುದು, ಆರಿಸಿದ ಗ್ಯಾಸನ್ನು ಮತ್ತೆ ತಿರುಗಿಸಿ ನೋಡುವುದು. ಒಂದು ಬೆಳಗ್ಗೆ ಅಮ್ಮ ಕರಿಬೇವು ಬಿಡಿಸುತ್ತ ಹೇಳಿದರು:

"ಯಾಕಮ್ಮ ಹಿಂಗೆ ಅಲೀತಿದ್ದೀ? ಬೆಕ್ಕು ಮರಿ ಕಳ್ಕೊಂಡಂಗೆ."

"ತಪ್ಪು ಎಲ್ಲಿದೆ ಅಂತ ಗೊತ್ತಾಗ್ತಿಲ್ಲಮ್ಮ."

"ನಿನ್ನ ತಪ್ಪಾ?"

"ಅದೂ ಗೊತ್ತಾಗ್ತಿಲ್ಲ."

ಕಂಪನಿಯ ಯಜಮಾನರಿಗೆ, ಅವರನ್ನು ನಾವೆಲ್ಲ ಸಾರ್ ಅನ್ನುವುದು, ವಿಷಯ ಹೇಳಿದೆ. ಅವರು ಪಂಪು ಮೋಟರುಗಳ ಕೆಲಸದಿಂದ ಮೇಲೆ ಬಂದವರು. ತಮಿಳಿನಲ್ಲಿ, ತಾಳ್ಮೆಯಿಂದಲೇ ಹೇಳಿದರು: "ಚಿಪ್ಪು ಇಲ್ಲಿ ಪಾಸಾಗಿದೆ. ಅಲ್ಲಿನ ಕರೆಂಟು ಸರಿಯಿಲ್ಲ ಅಂತ ಬರೆದುಕೊಟ್ಟುಬಿಡಮ್ಮ." ಬರೆಯಲು ಕೂತೆ. ಕೈ ಓಡಲಿಲ್ಲ. ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ ಅಂತಲ್ಲ. ಅದು ಸುಳ್ಳೋ ನಿಜವೋ ತಿಳಿಯದೆ ಇರುವುದನ್ನು ತಡೆಯಲಾಗಲಿಲ್ಲ.

ಮತ್ತೆ ವೆಳ್ಳಕೋಯಿಲ್‌ಗೆ ಹೋದೆ. ಚೈತ್ರದ ಬಿಸಿಲು. ಸಿಮೆಂಟು ಶೀಟಿನ ಕೆಳಗೆ ಶೆಡ್ಡು ಕಾದ ಕಾವಲಿಯಾಗಿತ್ತು. ಡಬ್ಬಿಯ ಮುಚ್ಚಳ ತೆಗೆದು, ಚಿಪ್ಪಿಗೆ ತಂತಿಗಳನ್ನು ಸಿಕ್ಕಿಸಿ, ಲ್ಯಾಪ್‌ಟಾಪನ್ನು ನೂಲಿನ ಪೆಟ್ಟಿಗೆಯ ಮೇಲಿಟ್ಟು ನಿಂತೆ. ತರಿ ಓಡುತ್ತಿತ್ತು. ಚಿಪ್ಪಿನಿಂದ ಒಂದು ಸಾಲು ಹೊರಗೆ ಬರುತ್ತದೆ, ಎಳೆಗಳು ಏಳುತ್ತವೆ, ಹೊಕ್ಕು ನೂಲು ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ, ಹಲಗೆ ಬಂದು ಬಡಿಯುತ್ತದೆ. ಆಮೇಲೆ ಮುಂದಿನ ಸಾಲು. ಪರದೆಯ ಮೇಲಿನ ಗೆರೆಗಳಲ್ಲಿ ನನಗೆ ಕಂಡದ್ದು ಇದು: ನೂಲು ಹಾಯುವ ಅಷ್ಟೂ ಹೊತ್ತು ಚಿಪ್ಪು ಸುಮ್ಮನೆ ಇರುತ್ತದೆ. ನಮಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಚಿಪ್ಪಿಗೆ ಅದು ಒಂದು ಮಧ್ಯಾಹ್ನದ ನಿದ್ದೆಯಷ್ಟು ಉದ್ದ.

ಆ ಹೊತ್ತಿನಲ್ಲಿ ಅದನ್ನು ಯಾಕೆ ಪರೀಕ್ಷಿಸಬಾರದು? ತಪ್ಪು ಹುಟ್ಟುವುದು ಈ ಬಿಸಿಯಲ್ಲಿ, ಈ ಅದುರಾಟದಲ್ಲಿ, ಸಾಲಿನ ಮೇಲೆ ಸಾಲು ಹೊರಗೆ ಹೋಗುತ್ತಿರುವಾಗ. ನಾನೋ ಅದನ್ನು ತಣ್ಣನೆಯ ಕೋಣೆಗೆ ಕರೆದೊಯ್ದು ಹುಷಾರಾಗಿದ್ದೀಯಾ ಎಂದು ಕೇಳುತ್ತಿದ್ದೆ.

ಒಂದೇ ತೊಡಕು. ಪರೀಕ್ಷೆ ಎಂದರೆ ಏನನ್ನಾದರೂ ಬರೆದು ಓದಬೇಕು. ಬರೆದರೆ ಚಿತ್ತಾರ ಅಳಿಯುತ್ತದೆ. ಅದಕ್ಕೆ ಬಸ್ಸಿನಲ್ಲಿ ಹಿಂದಿರುಗುವಾಗ ದಾರಿ ಹೊಳೆಯಿತು. ಒಂದು ಸಾಲನ್ನು ತೆಗೆದುಕೊಂಡು ಅದನ್ನೇ ತಿರುಗುಮುರುಗು ಮಾಡುವುದು, ಒಂದಿದ್ದ ಕಡೆ ಸೊನ್ನೆ, ಸೊನ್ನೆಯಿದ್ದ ಕಡೆ ಒಂದು. ಓದಿ ನೋಡುವುದು. ಮತ್ತೆ ತಿರುಗಿಸಿದರೆ ಮೊದಲಿನ ಸಾಲೇ ಬರುತ್ತದೆ. ಬಾರದ ಮನೆ ಯಾವುದೋ ಅದೇ ಕಳ್ಳ. ಆಗ ಕೆಂಪು ದೀಪ ಹತ್ತಿಸಿ, ಆ ಸಾಲನ್ನು ಚಿಪ್ಪಿನಲ್ಲೇ ಬೇರೊಂದು ಖಾಲಿ ಜಾಗಕ್ಕೆ ಸರಿಸಿಬಿಡುವುದು. ತರಿ ನಿಲ್ಲಬೇಕಾಗಿಲ್ಲ.

ಸಾರ್ ಅದನ್ನು ಕೇಳಿ ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕೂತರು. "ಇದಕ್ಕೆ ಪೇಟೆಂಟ್ ಹಾಕಬಹುದಮ್ಮ," ಎಂದರು. ಆ ಮಾತು ಕೇಳಿದ ಮೇಲೆ ನನ್ನ ತಳಮಳ ಇನ್ನಷ್ಟು ಹೆಚ್ಚಾಯಿತು. ಹಗಲೆಲ್ಲ ದುಡಿದು ಈ ಪರೀಕ್ಷೆ ನಡೆಸುವ ಬೋರ್ಡು ಮಾಡಿದೆ, ಮಾವನ ಒಂದು ತರಿಗೆ ಹಾಕಿದೆ. ವಾರ ಕಳೆಯಿತು, ಹಕ್ಕಿಗಳು ಕಣ್ಣು ಕೊಕ್ಕು ಸಮೇತ ಸರಿಯಾಗಿ ಬಂದವು.

ಆಮೇಲೆ ಒಂದು ಸಂಜೆ ಅತ್ತೆ ಫೋನು ಮಾಡಿದರು. ಅತ್ತೆ ಎಂದೂ ತರಿಯ ವಿಷಯಕ್ಕೆ ಫೋನು ಮಾಡುವವರಲ್ಲ.

"ನಿಮ್ಮ ಮಾಮ ಮಾತಾಡ್ತಿಲ್ಲ. ನೀನೇ ಬಂದು ನೋಡ್ಬಿಡು ತಾಯಿ."

ಹೋಗಿ ನೋಡಿದರೆ ಸೀರೆಯ ಉದ್ದಕ್ಕೂ ಅಡ್ಡಗೆರೆಗಳು. ಪ್ರತಿ ಹಕ್ಕಿಯ ಕತ್ತಿನ ಮೇಲೆ ಕತ್ತಿ ಹಾಯಿಸಿದಂತೆ ಒಂದು ಗೆರೆ. ಅವರ ತರಿಯಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಬೆನ್ನು. ಬಿಚ್ಚಿ ನೋಡುವವರೆಗೆ ಯಾರಿಗೂ ತಿಳಿದಿರಲಿಲ್ಲ.

ಕಾರಣ ನನಗೆ ಬೇಗ ಗೊತ್ತಾಯಿತು. ಕರೆಂಟು ಹೋದರೂ ಚಿತ್ತಾರ ಉಳಿಯಲೆಂದು ಚಿಪ್ಪಿಗೆ ಬ್ಯಾಟರಿ ಇರುತ್ತದೆ. ನನ್ನ ಪರೀಕ್ಷೆ ಒಂದು ಸಾಲನ್ನು ತಿರುಗುಮುರುಗು ಮಾಡಿದ ಕ್ಷಣದಲ್ಲೇ ಕರೆಂಟು ಹೋಗಿತ್ತು. ಮತ್ತೆ ತಿರುಗಿಸುವವರೇ ಇರಲಿಲ್ಲ. ಬ್ಯಾಟರಿ ಆ ಉಲ್ಟಾ ಸಾಲನ್ನು ಜೋಪಾನವಾಗಿ ಕಾದುಕೊಂಡಿತ್ತು, ಕರೆಂಟು ಬಂದ ಮೇಲೆ ತರಿ ಅದನ್ನೇ ಪ್ರತಿ ಹಕ್ಕಿಗೂ ನೇಯ್ದಿತ್ತು. ಚಿಪ್ಪು ಒಂದು ಕಣ್ಣು ಕಳೆದಿತ್ತು. ಅದನ್ನು ಕಾಯಲು ಬಂದದ್ದು ಎಲ್ಲರ ಕತ್ತು ಕೊಯ್ದಿತ್ತು.

ಮಾವ ಶೆಡ್ಡಿನ ಬಾಗಿಲಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಡೆದದ್ದನ್ನು ಇದ್ದ ಹಾಗೆ ಹೇಳಿದೆ.

"ತೆಗ್ದ್ಬಿಡ್ಲಾ ಮಾಮ ಆ ಬೋರ್ಡ್‌ನ?"

"ತೆಗ್ದ್ರೆ ಪಳೇ ಕತೆ ತಾನೆ. ಕಣ್ಣು ಹೋಗುತ್ತೆ, ಬರುತ್ತೆ." ಟವಲಿನಿಂದ ಮುಖ ಒರೆಸಿಕೊಂಡರು. "ಸರಿ ಮಾಡು. ಆದ್ರೆ ಈ ಸಲ ಕರೆಂಟು ಹೋಗೋದ್ನ ಗ್ಯಾಪಕ ಇಟ್ಕೊಂಡು ಮಾಡು. ಇದು ನಿಮ್ಮ ಏಸಿ ರೂಮಲ್ಲ."

ಸರಿಮಾಡಿದ್ದು ಕಷ್ಟದ ಕೆಲಸವೇನಾಗಿರಲಿಲ್ಲ. ತಿರುಗಿಸುವ ಮೊದಲು ಆ ಸಾಲಿನ ಒಂದು ನಕಲನ್ನು ಬೇರೆಡೆ ಇಟ್ಟು, ಇಂಥ ಸಾಲು ಪರೀಕ್ಷೆಯಲ್ಲಿದೆ ಎಂದು ಒಂದು ಗುರುತು ಹಾಕುವುದು. ಕರೆಂಟು ಬಂದ ಕೂಡಲೇ ಡಬ್ಬಿ ಮೊದಲು ಆ ಗುರುತನ್ನು ನೋಡುತ್ತದೆ; ಗುರುತು ಉಳಿದಿದ್ದರೆ ನಕಲಿನಿಂದ ಸಾಲನ್ನು ಸರಿಪಡಿಸಿಯೇ ತರಿಗೆ ಅಪ್ಪಣೆ ಕೊಡುತ್ತದೆ. ಆ ಬೋರ್ಡನ್ನು ನಾನು ಮೇಜಿನ ಮೇಲಿಟ್ಟು ಸ್ವಿಚ್ಚು ಹಾಕಿ ಆರಿಸಿ ಹಾಕಿ ಆರಿಸಿ, ಹೆಬ್ಬೆರಳು ನೋಯುವಷ್ಟು ಹಿಂಸೆ ಕೊಟ್ಟೆ. ಒಮ್ಮೆಯೂ ಸಾಲು ತಪ್ಪಲಿಲ್ಲ. ಆದರೂ ಮನೆಗೆ ಹೋಗುವ ಮೊದಲು ಇನ್ನೊಂದು ಸಲ, ಮತ್ತೊಂದು ಸಲ.

ಸಾರ್ ಹಾಕಿಸಿದ್ದ ಅರ್ಜಿಗೆ ಪೇಟೆಂಟ್ ಕಚೇರಿಯ ಉತ್ತರ ಬಂದದ್ದು ತುಂಬ ತಡವಾಗಿ. ಸಾರ್ ನನ್ನನ್ನು ಕರೆದು ಕಾಗದಗಳನ್ನು ಮುಂದೆ ತಳ್ಳಿದರು. ಸಾಲನ್ನು ತಿರುಗಿಸಿ, ಓದಿ, ಮತ್ತೆ ತಿರುಗಿಸುವ ಉಪಾಯವನ್ನು ಎಷ್ಟೋ ವರ್ಷಗಳ ಹಿಂದೆಯೇ ಬೇರೆ ದೇಶದಲ್ಲಿ ಯಾರೋ ಕಂಡುಹಿಡಿದಿದ್ದರು. ಅವರ ಚಿತ್ರಗಳೂ ಜೊತೆಗಿದ್ದವು. ಬಾಣಗಳು, ಚೌಕಗಳು, ನಾನು ಕಾಂಗೇಯಂ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಗೀಚಿಕೊಂಡದ್ದೇ, ಸ್ಕೇಲು ಹಿಡಿದು ಅಚ್ಚುಕಟ್ಟಾಗಿ ಎಳೆದದ್ದು. ಮೊದಲು ಸಿಟ್ಟು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಆಮೇಲೆ ಆ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತ, ಈ ಮನುಷ್ಯನಿಗೂ ಊಟದ ನಡುವೆ ಎದ್ದು ಹೋಗುವ ಅಭ್ಯಾಸ ಇತ್ತೇನೋ ಅನ್ನಿಸಿತು.

"ಎಲ್ಲಾ ಹೋಯ್ತಾ ಸಾರ್?"

"ಎಲ್ಲಾ ಯಾಕೆ ಹೋಗುತ್ತೆ? ನೂಲು ಹಾಯುವ ಹೊತ್ತಿಗೆ ಪರೀಕ್ಷೆಯನ್ನು ಹೊಂದಿಸಿದ್ದು ನಿನ್ನದು. ಅವರ ಚಿತ್ರದಲ್ಲಿ ತರಿ ಎಲ್ಲಿದೆ?" ಅಷ್ಟಕ್ಕೆ ಸೀಮಿತ ಮಾಡಿ ಮತ್ತೆ ಅರ್ಜಿ ಬರೆದೆವು. ಆ ಚಿಕ್ಕ ತುಂಡು ನಮಗೆ ಉಳಿಯಿತು. ಸಾರ್ ಎಲ್ಲರಿಗೂ ಮೈಸೂರುಪಾಕು ತರಿಸಿದರು. ನನಗೆ ಸಂತೋಷವಾಯಿತು, ಆದರೆ ಒಂದು ಕಡೆ ಕೂತು ತಿನ್ನುವಷ್ಟಲ್ಲ.

ಅಷ್ಟು ಹೊತ್ತಿಗೆ ಮಾವನ ಎಲ್ಲಾ ತರಿಗಳಲ್ಲೂ ಹೊಸ ಬೋರ್ಡು ಓಡುತ್ತಿತ್ತು. ಸೀರೆಗಳಲ್ಲಿ ತಪ್ಪಿರಲಿಲ್ಲ. ಹೊಗಳುತ್ತಾರೆಂದುಕೊಂಡು ಹೋದರೆ ಮಾವ ಒಂದೊಂದು ಕೆಂಪು ದೀಪದ ಮೇಲೂ ಕಪ್ಪು ಟೇಪು ಅಂಟಿಸಿದ್ದರು.

"ಇದೇನು ಮಾಮ?"

"ಮೊದ್ಲು ಕೆಟ್ಟ ಮೇಲೆ ಬೇಜಾರಾಗ್ತಿತ್ತು. ಈಗ ಕೆಡೋಕ್ ಮುಂಚೆಯೇ ಭಯ. ದೀಪ ಹತ್ತುದ್ರೆ ಓಡೋದು, ಸೀರೆ ನೋಡುದ್ರೆ ಏನೂ ಆಗಿಲ್ಲ. ಅನ್ನ ತಿನ್ನೋವಾಗ್ಲೂ ಕಣ್ಣು ಆ ಕಡೇನೆ. ನಿಂಗೆ ಇರೋ ಸೀಕ್ ನಂಗೂ ಅಂಟಿಸ್ಬಿಟ್ಟೆ ಅಮ್ಮಿಣಿ."

ಅತ್ತೆ ಒಳಗಿನಿಂದ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ನಾಟಿತು. ಕಾಯುವ ಯಂತ್ರ ಯಾವುದನ್ನು ಮನುಷ್ಯನಿಗೆ ಹೇಳಬೇಕು, ಯಾವುದನ್ನು ತಾನೇ ನುಂಗಿಕೊಳ್ಳಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಕಂಡದ್ದನ್ನೆಲ್ಲ ಹೇಳುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಮುಂದಿನ ಬೋರ್ಡಿನಲ್ಲಿ ಬದಲಾಯಿಸಿದೆ: ಒಂದೆರಡು ಸಾಲುಗಳನ್ನು ಸದ್ದಿಲ್ಲದೆ ಸರಿಸಿಕೊಳ್ಳಲಿ, ಖಾಲಿ ಜಾಗ ಮುಗಿಯುತ್ತ ಬಂದಾಗ ಮಾತ್ರ ದೀಪ ಹತ್ತಲಿ. ಸಣ್ಣಪುಟ್ಟ ಸುದ್ದಿ ನನ್ನ ಫೋನಿಗೆ ಮಾತ್ರ ಬರಲಿ.

ಹೋದ ತಿಂಗಳು ಮಾವ, ಅತ್ತೆ ಒಂದು ಮದುವೆಗೆಂದು ಬಂದು ಪೋತ್ತನೂರಿನ ನಮ್ಮ ಮನೆಯಲ್ಲಿ ಉಳಿದರು. ಭಾನುವಾರ ಉಂಡ ಮೇಲೆ ಮಾವ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಅತ್ತ ವೆಳ್ಳಕೋಯಿಲ್‌ನಲ್ಲಿ ಅವರ ತರಿಗಳು ಓಡುತ್ತಿದ್ದವು. ನಾನು ಅಡುಗೆಮನೆಗೂ ಜಗಲಿಗೂ ನಡುವೆ ಫೋನು ಹಿಡಿದು ಓಡಾಡುತ್ತಿದ್ದೆ. ಅಮ್ಮ, "ಅದ್ನ ಕೆಳಗಿಟ್ಟು ಸ್ವಲ್ಪ ಮಲ್ಕೋಬಾರ್ದಾ?" ಎಂದರು. ಆಗಲೇ ಒಂದು ಸುದ್ದಿ ಬಂತು: ಬಾಗಿಲ ಪಕ್ಕದ ತರಿಯಲ್ಲಿ ಒಂದು ಸಾಲು ಜಾಗ ಬದಲಿಸಿದೆ.

ಫೋನಿನ ಸದ್ದಿಗೆ ಮಾವ ಒಂದು ಕಣ್ಣು ತೆರೆದರು.

"ತರಿದಾ? ಏನಾದ್ರೂ ಬಂತಾ?"

"ನಿಮಗೆ ಹೇಳೋವಂಥದ್ದು ಏನಿಲ್ಲ ಮಾಮ. ಮಲಗಿ."

ಅವರು ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಜಗಲಿಗೆ ಹೋಗಿ ಆ ಸಾಲು ಸರಿಯಾಗಿ ಕೂತಿದೆಯೇ ಎಂದು ಮತ್ತೊಮ್ಮೆ ನೋಡಿದೆ.