ಸಾಲಿಗೆ ಸೇರದ ಕೌದಿ

ಮಸ್ಕಿಯಲ್ಲಿ ಮಾವನ ಮನೆಯ ಪಡಸಾಲೆ. ನಾನು ಕೂತಲ್ಲಿ ಕೂರಲಾಗದೆ ಒದ್ದಾಡುತ್ತಿದ್ದೆ. ಲಿಂಗಸುಗೂರಿನ ಮೋಟಾರು ಬರುವ ಹೊತ್ತಾಗಿತ್ತು. ನಿಜಾಮರ ಕಾಲ, ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಗಣಿತ ಓದುತ್ತಿದ್ದೆ. ಮದುವೆಯಾದ ಹೊಸತು, ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದೆ. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಮಾವನ ಕಿವಿಯೂದಿದ್ದ: ನಿಮ್ಮ ಅಳಿಯ ದಿವಾನಾ ಆಗ್ಯಾನ, ಕೊನಿನ ಇಲ್ಲದ್ದರಾಗ ಸಣ್ಣದು ದೊಡ್ಡದು ಹುಡುಕಾಕತ್ತಾನ!

"ಅದೇನ್ ಹಿಸಾಬು, ನನಗ ತಿಳಿಯಂಗ ಹೇಳ್ರಿ. ತಿಳೀಲಿಲ್ಲಂದ್ರ ಮಗಳನ್ನ ಕಳಸಂಗಿಲ್ಲ," ಎಂದರು ಮಾವ.

ಹೆಂಡತಿ ಬಾಗಿಲ ಹಿಂದೆ ಕೂತು ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಹಿರಿಯರೆದುರು ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಅವಳೂ ನನ್ನನ್ನು ಹುಚ್ಚನೆಂದೇ ತಿಳಿದಿದ್ದಾಳೋ ಏನೋ, ಕೇಳುವುದಾದರೂ ಹೇಗೆ? ಅದೇ ಚಿಂತೆ, ಅದೇ ಸಿಟ್ಟು ನನಗೆ.

"ಪಂಕ್ತಿಯೊಳಗ ಮಂದೀನ ಎಣಸ್ತೀರೇನ್ರಿ ಮಾವಾರ? ಎಲಿಗೊಬ್ಬರು ಕುಂತು, ಎಲೀನೂ ಉಳೀಲಿಲ್ಲ, ಮಂದೀನೂ ಉಳೀಲಿಲ್ಲಂದ್ರ ಎರಡೂ ಸಮ. ಕೊನಿ ಇಲ್ಲದ ಪಂಕ್ತಿಗೂ ಅದ ಮಾತು."

"ಹ್ಞೂಂ. ಮುಂದ?"

ಬಾಗಿಲಾಚೆ ಚಾಚಿದ್ದ ಕೌದಿಯ ಅಂಚು ಕಣ್ಣಿಗೆ ಬಿತ್ತು. ಕೆಂಪು ತುಂಡು, ಕರಿ ತುಂಡು.

"ಒಂದೊಂದು ಕೌದಿಗೂ ಕೊನಿ ಇಲ್ಲದ ಅಂಚು ಐತಿ ಅನ್ರಿ, ಕೆಂಪು ಕರಿ ತುಂಡಿಂದು. ಅಂಥಾವೆಲ್ಲಾ ಅಂಕಿಗೊಂದರಂಗ ಒಂದನೇದು, ಎರಡನೇದು ಅಂತ ಸಾಲಾಗಿ ಹಾಸೀವಿ. ಈಗ ನಾ ಹೊಸದು ಹೊಲೀತೀನಿ. ಒಂದನೇ ಕೌದಿದು ಒಂದನೇ ತುಂಡು ಕೆಂಪಿದ್ರ ನನ್ನ ಒಂದನೇದು ಕರಿ. ಎರಡನೇದರದು ಎರಡನೇ ತುಂಡು ಕರಿ ಇದ್ರ ನನ್ನ ಎರಡನೇದು ಕೆಂಪು. ಹಿಂಗ ಹೊಲಕೋತ ಹೋದ್ರ, ಸಾಲಿನ್ಯಾಗಿನ ಒಂದೊಂದರಕಿಂತ ಒಂದ್ ತುಂಡರ ಬ್ಯಾರೆ ಆಗಿ, ನನ್ನ ಕೌದಿ ಒಂದಕ್ಕೂ ಹೊಂದಂಗಿಲ್ಲ. ಎಲ್ಲಾ ಹಾಸೀವಿ ಅಂದ್ರೂ ಒಂದು ಹೊರಗ ಉಳೀತು. ಅಂಕಿಗೂ ಕೊನಿ ಇಲ್ಲ, ಕೌದಿಗೂ ಇಲ್ಲ. ಆದ್ರೂ ಕೌದಿ ಹೆಚ್ಚು!"

ಮಾವ ಹೊಟ್ಟೆ ಕುಣಿಸಿ ನಕ್ಕರು. "ಅಯ್ಯ, ಅದನ್ನೂ ಸಾಲಿನ್ಯಾಗ ಹಾಸಿದ್ರ ಆತಲ್ರಿ!"

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು. ಹೋಯಿತು, ಇನ್ನು ಬರಿಗೈಲಿ ಹೋಗಬೇಕು ಎಂದುಕೊಂಡೆ.

"ಹಾಸು ಯಪ್ಪಾ," ಬಾಗಿಲ ಹಿಂದಿನಿಂದ ಹೆಂಡತಿಯ ದನಿ ಬಂತು. "ನೀ ಹಾಸಿದಂಗೆಲ್ಲಾ ನಾವು ಮತ್ತೊಂದು ಹೊಲೀತೀವಿ."

ನಾವು ಎಂದಳು! ಮಾವ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಹುಚ್ಚು ಒಬ್ಬರಿಗೆ ಹಿಡದಿದ್ರ ಮಗಳನ್ನ ಇಟ್ಕೋತಿದ್ದೆ," ಎಂದರು. "ಇಬ್ರಿಗೂ ಹಿಡದೈತಲ್ಲ! ಏಳ್ರಿ, ಮೋಟಾರು ಹೊಂಟೀತು."