ಊಟಕ್ಕೆ ಕರೆದಾಗ ಮುಗಿಯುತ್ತಿದ್ದ ಆಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮೊದಲ ಪಾಳಿಯ ಇಬ್ಬರು ಡ್ರೈವರ್‌ಗಳು, ಒಬ್ಬ ಕಂಡಕ್ಟರ್ ಮೇಜಿನ ಮೇಲೆ ಬಗ್ಗಿದ್ದಾರೆ. ಅವರ ಮುಂದೆ ರಟ್ಟಿನ ಹೊಳೆ, ಅದಕ್ಕೆ ಅಡ್ಡಲಾಗಿ ರಟ್ಟಿನದೇ ಹಲಗೆಗಳ ಸೇತುವೆ. ಮೂಲೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತ ಹೆಂಗಸು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಿದ್ದಾರೆ. ಕಂಡಕ್ಟರ್ ತಪ್ಪು ಕಾಯಿ ನಡೆಸಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಆಟ ಕಟ್ಟಿದವರು ಮಾತಾಡಬಾರದು, ನಿಯಮದ ಹಾಳೆಯೇ ಮಾತಾಡಬೇಕು. ಈ ಪಾಠವನ್ನು ಅವರು ಮಾನ ಕಳೆದುಕೊಂಡು ಕಲಿತಿದ್ದಾರೆ.

ಡ್ಯೂಟಿಯ ಸೀಟಿ ಊದುವ ಮುಂಚೆ ಆಟ ತಾನಾಗಿ ಮುಗಿಯಬೇಕು. ಇವತ್ತು ಅವರಿಗೆ ಬೇಕಿರುವುದು ಅಷ್ಟೇ.

ಈ ಹೆಂಗಸು ಡಬ್ಬದಕ್ಕ ಅಂದರೆ ಇಡೀ ಬೀದಿಗೆ ಗೊತ್ತು. ಹಗಲೆಲ್ಲ ಕಾರ್ಖಾನೆಯಲ್ಲಿ ಚಪ್ಪಲಿ ಡಬ್ಬ ಮಡಚುವ ಕೆಲಸ. ಕತ್ತರಿಸಿ ಉಳಿದ ಚೂರುಗಳಲ್ಲೇ ‘ಹೊಳೆ ದಾಟು’ ಹುಟ್ಟಿದ್ದು. ಸರಕು ಹೊತ್ತು ಸೇತುವೆ ದಾಟಬೇಕು, ಹೆಚ್ಚು ಸಾಗಿಸಿದವರು ಗೆದ್ದಂತೆ. ಚಿತ್ರ ಬರೆದದ್ದು, ಅಂಟು ಹಚ್ಚಿದ್ದು, ಚಹಾದಂಗಡಿಯ ಗೋಡೆಗೆ ಪೋಸ್ಟರ್ ಮೆತ್ತಿದ್ದು ಎಲ್ಲ ಅವರೇ. ಆಡಿ ನೋಡುವ ಕೆಲಸ ಮಾತ್ರ ಗಂಡ, ನಾದಿನಿ, ಮಾವನದು. ಹೆತ್ತವರಿಗೆ ಹೆಗ್ಗಣ ಮುದ್ದು, ಎಲ್ಲರೂ ಭೇಷ್ ಅಂದರು.

ಪ್ರತಿ ಸಂಜೆ ಆಟ ರಂಗೇರುವ ಹೊತ್ತಿಗೆ ಅಡುಗೆಮನೆಯಿಂದ ಅತ್ತೆಯ ಕೂಗು: “ತಟ್ಟೆ ಹಾಕಿದೀನಿ, ಬರ್ತೀರೋ ಇಲ್ಲ ಬೆಕ್ಕಿಗೆ ಹಾಕ್ಲೋ?” ಆಗ ಯಾರು ಮುಂದಿದ್ದರೋ ಅವರೇ ಗೆದ್ದರು ಎಂದು ಎಲ್ಲರೂ ಎದ್ದುಬಿಡುವರು. ಸರಕಿನ ಕಾರ್ಡುಗಳು ಖಾಲಿಯಾದರೆ ಮತ್ತೆ ಕಲಸಿ ಇಡಬೇಕೆಂಬುದು ನಿಯಮ. ಅಂದಮೇಲೆ ಈ ಆಟಕ್ಕೆ ಕೊನೆಯೇ ಇಲ್ಲ ಎಂಬುದು ಮನೆಯಲ್ಲಿ ಒಬ್ಬರ ತಲೆಗೂ ಬರಲಿಲ್ಲ.

“ನಮ್ಮತ್ತೇನೇ ಆಟದ ಕೊನೆ ಆಗಿದ್ರು. ಅವರನ್ನ ಡಬ್ಬದೊಳಗೆ ಹಾಕಿ ಮಾರೋಕಾಗುತ್ತಾ?” ಎಂದು ಅಕ್ಕ ನಗುತ್ತಾರೆ. ನಗುವಾಗಲೂ ಕಣ್ಣು ಮಾತ್ರ ನೆಲದ ಮೇಲೇ ಇದೆ.

ಆಟಿಕೆ ಮೇಳದ ಮಳಿಗೆಯಲ್ಲಿ ಬಣ್ಣ ಬಯಲಾಯಿತು. ಮೊಮ್ಮಗಳ ಜೊತೆ ಆಡಲು ಕೂತ ಅಜ್ಜನೊಬ್ಬರು ಏಳಲೇ ಇಲ್ಲ. ಹಿಂದೆ ಸಾಲು ಬೆಳೆಯಿತು. “ಇದು ಮುಗಿಯೋದು ಯಾವಾಗಮ್ಮ?” ಎಂದು ಅಜ್ಜ ಕೇಳಿದಾಗಲೇ ಅಕ್ಕನಿಗೆ ಆಟಕ್ಕೆ ಕೊನೆಯಿಲ್ಲವೆಂದು ಹೊಳೆದದ್ದು. ನಿಜ ಹೇಳಬಹುದಿತ್ತು. ಆದರೆ ಪಕ್ಕದಲ್ಲೇ ನಾದಿನಿ “ನಮ್ಮತ್ತಿಗೆ ಮಾಡಿದ್ದು” ಎಂದು ಬಂದವರಿಗೆಲ್ಲ ಹೇಳಿ ಬೀಗುತ್ತಿದ್ದಳು.

“ಮನೇಲಿ ನಿಧಾನಕ್ಕೆ ಆಡಿ ಅಜ್ಜಾ, ತಾನಾಗೇ ಮುಗಿಯುತ್ತೆ ಅಂದ್ಬಿಟ್ಟೆ. ಡಬ್ಬಾನೂ ಕಟ್ಟಿಕೊಟ್ಟೆ. ಗೊತ್ತಿದ್ದೂ ಕೊಟ್ಟೆ.”

ಅವತ್ತೇ ಪೋಸ್ಟರ್ ಕಿತ್ತು ಹಾಕಿದರು. ಅಲ್ಲಿಗೆ ಮುಗಿಯಲಿಲ್ಲ. ಚಪ್ಪಲಿ ಡಬ್ಬದ ಮೇಲೆ ಅಚ್ಚಾಗಿದ್ದ ವಿಳಾಸ ಹಿಡಿದು ಅಜ್ಜ ಒಂದು ದಿನ ಕಾರ್ಖಾನೆಗೇ ಬಂದರು. ದನಿ ಕೇಳಿದ್ದೇ ತಡ, ಅಕ್ಕ ರಟ್ಟಿನ ರಾಶಿಯ ಹಿಂದೆ ಅಡಗಿದರು. ಅಜ್ಜ ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಮೇಸ್ತ್ರಿಗೆ ಹೇಳಿದ್ದೇ ಬೇರೆ: “ಆಟ ಚೆನ್ನಾಗಿದೆಯಪ್ಪಾ, ನನ್ನ ತಲೆಗೇ ಹತ್ತುತ್ತಿಲ್ಲ. ಮುಗಿಸೋಕೆ ಬರ್ತಿಲ್ಲ. ದಡ್ಡ ತಾತ ಅಂತಾಳೆ ಮೊಮ್ಮಗಳು. ಯಾರಾದ್ರೂ ಹೇಳಿಕೊಡೋರಿದ್ರೆ ಕಳಿಸು.” ಮನೆಯ ಗುರುತು ಹೇಳಿ ಮೆಲ್ಲಗೆ ಹೊರಟುಹೋದರು.

“ನಾನು ಎರಡು ಹೆಜ್ಜೆ ಮುಂದೆ ಬಂದಿದ್ರೆ ಸಾಕಿತ್ತು, ಬರಲಿಲ್ಲ,” ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ. “ತಪ್ಪು ಮಾಡಿದ್ದು ನಾನು, ದಡ್ಡ ಅನ್ನಿಸಿಕೊಂಡಿದ್ದು ಅವರು.”

ಅಂದಿನಿಂದ ಬೆಳಗಾದರೆ ಈ ಡಿಪೋ. ಇಲ್ಲಿ ಮನೆಯವರ ಮುಲಾಜಿಲ್ಲ, ಬೇಸರವಾದರೆ ಡ್ರೈವರ್‌ಗಳು ಮುಖದೆದುರೇ ಆಕಳಿಸುತ್ತಾರೆ. ಏನೇನೋ ಕೊನೆಗಳನ್ನು ಹಚ್ಚಿ ನೋಡಿದರು, ಯಾವುದೂ ಕೂರಲಿಲ್ಲ. ಈಗಿನದು ಹೊಸ ನಿಯಮ: ಒಂದು ಸರಕು ದಾಟಿದರೆ ಸೇತುವೆಯ ಒಂದು ಹಲಗೆ ಕಳಚಬೇಕು. ಹಲಗೆ ತೀರಿದರೆ ಆಟವೂ ತೀರಿತು.

ಹಿರಿಯ ಡ್ರೈವರ್ ಕೊನೆಯ ಹಲಗೆಯನ್ನೆತ್ತಿ, ಹಾಳೆಯ ಮೇಲೆ ಬೆರಳಿಟ್ಟು ಓದುತ್ತಾರೆ. “ಅರೆ, ಮುಗೀತಲ್ರೋ! ನಂದಿನ್ನೂ ಒಂದು ಮೂಟೆ ಬಾಕಿ ಇತ್ತು, ಅನ್ಯಾಯ!”

“ಸೋತೋರು ಚಹಾ ಕುಡಿಸಿ, ಮಾತು ಬೇಡ,” ಎಂದು ಕಂಡಕ್ಟರ್ ಎದ್ದು ನಿಲ್ಲುತ್ತಾರೆ. ಸೀಟಿ ಊದಿದ್ದು ಅದಾದ ಮೇಲೆ.

ಅಕ್ಕ ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೈಚೀಲದಲ್ಲಿ ಹೊಸ ಹಾಳೆ, ಹಲಗೆಗಳ ಪೊಟ್ಟಣ ಸಿದ್ಧವಾಗಿವೆ. ಕೆಲಸಕ್ಕೆ ಹೋಗುವ ಮುಂಚೆ ಅಜ್ಜನ ಮನೆ ಹುಡುಕಬೇಕು. ಆಟಕ್ಕೆ ಹೆಸರು ಬರಲಿ ಎಂಬ ಆಸೆಯಿಲ್ಲವೇ ಎಂದು ಕೇಳಿದರೆ, ಅದು ಆಮೇಲಿನ ಮಾತು ಎಂದು ಕೈಬೀಸಿ ತಳ್ಳಿಹಾಕುತ್ತಾರೆ.

“ಮೊದಲು ಆ ಹುಡುಗೀನ ಕರೀತೀನಿ. ನಿಮ್ಮ ತಾತ ದಡ್ಡ ಅಲ್ಲ ಪುಟ್ಟೀ, ಆಟ ಮಾಡಿದೋಳು ಸುಳ್ಳು ಹೇಳಿದ್ಲು ಅಂತೀನಿ. ಹಲಗೆ ಕೊಡೋದು ಆಮೇಲೆ.”