ನನ್ನದಲ್ಲದ ಎರಡು ದಿನ

ಬಂಗಾರಪೇಟೆ ರೈಲು ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ನಾನು ಎಷ್ಟೋ ವರ್ಷ ಒಂದೇ ಕಥೆ ಹೇಳಿದ್ದೇನೆ. ಗಣಿಯೊಳಗೆ ಏರ್ ಬ್ಲಾಸ್ಟ್ ಆಗಿ, ಅಂದರೆ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದು, ದಾರಿ ಮುಚ್ಚಿಹೋಗಿ, ನಾನು ಮತ್ತು ನನ್ನ ಜೊತೆಗಾರ ಎರಡು ದಿನ ಕತ್ತಲೆಯಲ್ಲಿ ಸಿಕ್ಕಿಕೊಂಡ ಕಥೆ. ಕೇಳಿದವರು ಎದ್ದು ನನಗೆ ಬೆಂಚು ಬಿಟ್ಟುಕೊಡುತ್ತಿದ್ದರು. ಆ ಕಥೆ ನನ್ನದಲ್ಲ. ಎರಡು ದಿನ ಹಾಗಿರಲಿ, ಎರಡು ಗಂಟೆಯೂ ನಾನು ಎಲ್ಲೂ ಸಿಕ್ಕಿಕೊಂಡವನಲ್ಲ.

ಗಣಿಯಲ್ಲಿ ಕೆಲಸ ಮಾಡಿದ್ದು ಮಾತ್ರ ನಿಜ. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಯಾಸಂಬಳ್ಳಿ ಕಡೆಯ ನಮ್ಮೂರಿನಿಂದ ಬಂದು ಸೇರಿದೆ. ಮೂರು ವಾರ ಕೆಳಗೆ ಇಳಿದೆ. ಆಳಕ್ಕೆ ಇಳಿಸುವ ಕಬ್ಬಿಣದ ಕೇಜ್‌ನಲ್ಲಿ ಕಣ್ಣು ಮುಚ್ಚಿಕೊಂಡು ಸರಳು ಹಿಡಿದು ನಿಲ್ಲುತ್ತಿದ್ದೆ. ನಾಲ್ಕನೆಯ ವಾರ ಯಾರ್ಯಾರದೋ ಕೈಕಾಲು ಹಿಡಿದು ಮೇಲಿನ ದೀಪದ ಕೋಣೆಗೆ ಹಾಕಿಸಿಕೊಂಡೆ. ಉಳಿದ ಸರ್ವೀಸೆಲ್ಲ ಅಲ್ಲೇ. ಕೆಳಗೆ ಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು, ಅದೇ ನಂಬರಿನ ದೀಪ ತೆಗೆದುಕೊಂಡು ಹೋಗಬೇಕು. ದೀಪ ವಾಪಸು ಕೊಟ್ಟಾಗ ಬಿಲ್ಲೆ ವಾಪಸು. ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಬಿಲ್ಲೆ ನೇತಾಡುತ್ತಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ.

ಒಂದು ಬೇಸಿಗೆಯಲ್ಲಿ ಕೆಳಗೆ ಏರ್ ಬ್ಲಾಸ್ಟ್ ಆಗಿ ಎರಡು ಬಿಲ್ಲೆ ಹಾಗೇ ಉಳಿದವು. ಒಂದು ನನ್ನ ಗೆಳೆಯನದು. ಪಕ್ಕದೂರಿನವನು, ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು. ಇನ್ನೊಂದು ಅವನ ಜೊತೆ ಬಂಡೆ ಕೊರೆಯುತ್ತಿದ್ದವನದು. ಎರಡನೆಯ ದಿನ ಸಂಜೆ ಗೆಳೆಯನನ್ನು ಜೀವಂತ ಎತ್ತಿ ತಂದರು. ಇನ್ನೊಂದು ಬಿಲ್ಲೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಗೆಳೆಯನನ್ನು ನೋಡಲು ಆಸ್ಪತ್ರೆಗೆ ಹೋದೆ. ಬ್ರೆಡ್ಡು, ಎರಡು ಮೂಸಂಬಿ ಹಿಡಿದುಕೊಂಡು ಹೋಗಿದ್ದೆನಾದರೂ ಒಳಗೆ ಏನಾಯಿತೆಂದು ಕೇಳುವ ಆಸೆಯೇ ನನ್ನನ್ನು ಕರೆದುಕೊಂಡು ಹೋದದ್ದು. ಕೇಳಿಯೂ ಬಿಟ್ಟೆ. ಅವನು ಸೂರು ನೋಡುತ್ತ ಹೇಳಿದ: "ಗಾಳಿ ಪೈಪಿಗೆ ಕಲ್ಲಲ್ಲಿ ಬಡೀತಿದ್ದೆ. ಅವ್ನು ನೀರು ಕೇಳ್ದ. ಇರ್ಲಿಲ್ಲ. ಆಮೇಕೆ ಕೇಳ್ಲಿಲ್ಲ." ಆಮೇಲೆ ಗೋಡೆಯ ಕಡೆ ತಿರುಗಿದ. ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ಅವನು ತಿರುಗಲಿಲ್ಲ.

ಆ ನಾಲ್ಕು ಮಾತಿನಿಂದ ನಾನು ಮುಕ್ಕಾಲು ಗಂಟೆಯ ಕಥೆ ಕಟ್ಟಿದೆ. ನನಗೆ ವಾಚನಾಲಯದ ಕಾದಂಬರಿಗಳ ಹುಚ್ಚು. ಕಷ್ಟಕ್ಕೆ ಬಿದ್ದ ನಾಯಕ ಯಾವಾಗ ತಾಯಿಯನ್ನು ನೆನೆಯುತ್ತಾನೆ, ಯಾವಾಗ ದೇವರನ್ನು ಬೈಯುತ್ತಾನೆ, ಯಾವಾಗ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾನೆ ಎಂಬುದೆಲ್ಲ ನನಗೆ ಬಾಯಿಪಾಠ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಗೆ ಬಂದು ಅಕ್ಕಿ ಗಿರಣಿಯಲ್ಲಿ ವಾಚ್‌ಮನ್ ಆದೆ. ಟೀ ಅಂಗಡಿಯಲ್ಲಿ ಒಬ್ಬರು, "ನೀವು ಒಳಗಡೆ ಕೆಲಸ ಮಾಡಿದೋರಾ?" ಎಂದು ಕೇಳಿದರು. ಹೂಂ ಎಂದೆ. ಉಳಿದದ್ದು ತಾನಾಗಿಯೇ ಬಂತು. ಮೊದಲ ಸಲ ಹೇಳಿದಾಗ ಜೊತೆಗಾರ ಸಾಯುತ್ತಿದ್ದ. ಕೇಳುತ್ತಿದ್ದವರು ಮಾತಿಲ್ಲದೆ ಎದ್ದು ಹೋದರು. ಎರಡನೆಯ ಸಲ ಅವನನ್ನು ಬದುಕಿಸಿದೆ. ಆಮೇಲೆ ಅವನು ಸಾಯಲೇ ಇಲ್ಲ.

ಕಥೆ ಹೆಸರುವಾಸಿಯಾಯಿತು. ಹೋದ ವರ್ಷ ನಂದಿದುರ್ಗ ಗಣಿಯ ಹತ್ತಿರದ ಒಂದು ಶಾಲೆಯವರು ಕರೆದು ಮಕ್ಕಳಿಗೆ ಹೇಳಿಸಿದರು. ಅಲ್ಲಿ ಬಿಸಿಯೂಟದ ಅಡುಗೆ ಮಾಡುವವಳು ನನ್ನ ಗೆಳೆಯನ ಮಗಳು. ಅಪಘಾತ ಆದ ಮೇಲೆ ಹುಟ್ಟಿದವಳು, ಅಪ್ಪ ಮನೆಯಲ್ಲಿ ಆ ಮಾತೇ ಎತ್ತಿದವನಲ್ಲ, ಅವಳಿಗೆ ಏನೂ ಗೊತ್ತಿಲ್ಲ. ಸೌಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು. ಕೊನೆಗೆ ಬಂದು ನನ್ನ ಕಾಲು ಮುಟ್ಟಿದಳು. ನಾನು ಮುಟ್ಟಿಸಿಕೊಂಡೆ.

ಟೀ ಅಂಗಡಿಗೆ ಕಾಮಸಮುದ್ರ ಕಡೆಯ ಒಬ್ಬರು ನಿವೃತ್ತ ಸೈನಿಕರೂ ಬರುತ್ತಿದ್ದರು. ಯುದ್ಧ ಕಂಡವರು. ಈಚೆಗೆ ಒಂದು ದಿನ ಯಾರೋ ಅವರನ್ನು ಕೆಣಕಿದರು.

"ಗುಂಡು ಆರೋವಾಗ ಏನನ್ನುಸ್ತಿತ್ತು ಸಾರ್?"

"ಕಾಲ್ಚೀಲ ಒದ್ದೆಯಾಗಿತ್ತು. ಇನ್ನೊಂದು ಜೊತೆ ಎಲ್ಲಿಟ್ಟೆ ಅಂತ ಉಡುಕ್ತಿದ್ದೆ."

ಎಲ್ಲರೂ ನಕ್ಕರು. "ಅಷ್ಟೇನಾ?"

"ಅಷ್ಟೇ ಗ್ಯಾಪಕ. ಉಳಿದಿದ್ದು ಚೂರುಪಾರು." ಆಮೇಲೆ ಅವರು ನನ್ನ ಕಡೆ ತಿರುಗಿದರು. "ನಿಮ್ದು ಬಲೇ ಚೆನ್ನಾಗೈತೆ ಯಜಮಾನ್ರೇ. ಓದ್ವಾರ ಎಂಗೆ ಯೋಳಿದ್ರೋ ಈ ವಾರಾನೂ ಅಂಗೇ. ಒಂದು ಎಳೆ ಕಡಿಯಾಕಿಲ್ಲ."

"ತಪ್ಪಾ ಅದು?"

"ತಪ್ಪು ಅಂತ ಯಾರಂದ್ರು? ಎಂಗಾಯ್ತದೆ ಅಂತ ನೋಡ್ತಿವ್ನಿ."

ಅವರು ಟೀ ಮುಗಿಸಿ ಬಸ್ಸು ಹಿಡಿಯಲು ಹೋದರು. ನಾನು ಬೆಂಚಿನಲ್ಲೇ ಕುಳಿತೆ. ಒದ್ದೆ ಕಾಲ್ಚೀಲ ನನ್ನ ತಲೆಯಿಂದ ಹೋಗಲಿಲ್ಲ. ಸಾವು ಎದುರಿಗಿರುವಾಗ ಮನುಷ್ಯ ಕಾಲ್ಚೀಲ ಹುಡುಕುತ್ತಾನೆಯೇ? ಅಂಥದ್ದನ್ನು ನಾನು ಓದಿದ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ನನ್ನ ಗೆಳೆಯ ಕತ್ತಲೆಯಲ್ಲಿ ಏನು ಹುಡುಕಿದ್ದನೋ! ನನ್ನ ಮುಕ್ಕಾಲು ಗಂಟೆಯಲ್ಲಿ ಅದೊಂದೇ ಇರಲಿಲ್ಲ.

ಅದೇ ವಾರ ಅವನ ಮಗಳ ಫೋನು ಬಂತು. "ಮಾಮ, ನೀನು ಬಂದು ನಮ್ಮಪ್ಪಂಗೆ ಬುದ್ಧಿ ಯೋಳು. ನಿನ್ನ ಮಾತಾದ್ರೆ ಕೇಳ್ಬೋದು."

ಮಾರನೆಯ ಬೆಳಿಗ್ಗೆ ರೈಲು ಹತ್ತಿ ಹೋದೆ. ನಂದಿದುರ್ಗದಲ್ಲಿ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆ. ಗೆಳೆಯ ಹೊಸ್ತಿಲ ಮೇಲೆ ಕುಳಿತಿದ್ದ, ಸೊಂಟಕ್ಕೆ ಬಿಗಿಯಾಗಿ ಟವೆಲ್ ಕಟ್ಟಿಕೊಂಡು. ಮಗಳು ಒಳಗಿನಿಂದಲೇ ಶುರು ಮಾಡಿದಳು.

"ಬಾ ಮಾಮ. ಕೋಲಾರದ ಡಾಕ್ಟ್ರು ಸ್ಕ್ಯಾನ್ ಮಾಡ್ಸ್ದೆ ಬೆನ್ನು ಮುಟ್ಟಾಕಿಲ್ಲ ಅಂತವ್ರೆ. ಇವ್ನು ನೋಡಿದ್ರೆ, ಆ ಮಿಸನ್ನಿನ ಒಳಿಕೆ ತಲೆ ಓಗ್ತಿದ್ದಂಗೆ ಎದ್ದು ಓಡ್ಬಂದವ್ನೆ. ಆಸ್ಪತ್ರೆ ಬಟ್ಟೇಲೇ, ರೋಡಿನವರ್ಗೂ!"

"ಪ್ಯಾಂಟು ಕೊಡ್ಲಿಲ್ಲ ಅವ್ರು, ನಾನೇನ್ ಮಾಡ್ಲಿ," ಎಂದ ಗೆಳೆಯ.

"ನಗಾಡ್ಬ್ಯಾಡ ನೀನು. ಈಗ್ಲೇ ಎಡಗಾಲು ಎಳೀತಾ ಓಡಾಡ್ತೀಯ. ನಾಳೀಕೆ ಅದೂ ಬಿದ್ದೋದ್ರೆ ಎತ್ತೋರ್ಯಾರು? ಮಾಮನ್ನ ನೋಡು, ಎಲ್ಡು ದಿನ ಬಂಡೆ ಕೆಳಗಿದ್ದು ಬಂದವ್ರೆ. ನಿನಗೆ ಅರ್ಧ ಗಂಟೆ ಆಗಾಕಿಲ್ವಾ? ಪುಕ್ಕಲ ಅಂದ್ರೆ ಪುಕ್ಕಲ!"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅದರಲ್ಲಿ ಸಿಟ್ಟು ಇರಲಿಲ್ಲ. ನಾನು ಈಗ ಏನು ಹೇಳುತ್ತೇನೋ ನೋಡೋಣ ಎಂಬ ಹಾಗೆ ನೋಡುತ್ತಿದ್ದ. ಅವನು ಹಾಗೆ ನೋಡದಿದ್ದರೆ ನಾನು ಅವತ್ತೂ ಬುದ್ಧಿಮಾತು ಹೇಳಿ, ಊಟ ಮಾಡಿ ಬಂದುಬಿಡುತ್ತಿದ್ದೆನೇನೋ.

"ಇದ್ದು ಬಂದೋನು ನಾನಲ್ಲವ್ವ," ಎಂದೆ. "ನಿಮ್ಮಪ್ಪ."

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ದೀಪದ ಕೋಣೆ, ಎರಡು ಬಿಲ್ಲೆ, ಆಸ್ಪತ್ರೆ, ಟೀ ಅಂಗಡಿ ಎಲ್ಲ. ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯವಾಯಿತು: ಈ ಸಲ ನಾಲಿಗೆ ತೊಡರುತ್ತಿತ್ತು, ಮುಂದಿನದು ಹಿಂದೆ, ಹಿಂದಿನದು ಮುಂದೆ ಬರುತ್ತಿತ್ತು.

ಅವಳು, "ಇಸ್ಕೂಲ್ನಾಗೆ ಮಕ್ಕಳ ಮುಂದೆ ಕಣ್ಣೊರೆಸ್ಕೊಂಡ್ಯಲ್ಲ ಮಾಮ, ಆ ಕಣ್ಣೀರೂ ನಮ್ಮಪ್ಪಂದೇನಾ?" ಎಂದಳು.

ಕಥೆಯಲ್ಲಿ ಆ ಜಾಗಕ್ಕೆ ಬಂದಾಗ ಪ್ರತಿ ಸಲವೂ ನನಗೆ ನಿಜವಾಗಿಯೇ ಅಳು ಬರುತ್ತಿತ್ತು. ಯಾಕೆ ಬರುತ್ತಿತ್ತೋ ಇವತ್ತಿಗೂ ತಿಳಿಯದು. ತಪ್ಪಾಯಿತವ್ವ ಎಂದೆ. ಅವಳು ಆಗಲೇ ಅಪ್ಪನ ಕಡೆ ತಿರುಗಿದ್ದಳು.

"ನೀನ್ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ನಂಗೆ ಗೊತ್ತಿತ್ತು ಬಿಡು," ಎಂದ ಅವನು. "ಟೇಸನ್ ತಾವ ಎಲ್ಡು ಮೂರು ಸಲ ಅತ್ಲಾಗೆ ನಿಂತ್ಕೊಂಡು ಕೇಳಿವ್ನಿ."

ನಾನು ಅವನ ಎದುರಿಗೆ ಕುಕ್ಕರಿಸಿದೆ. "ಬಂದು ಕಪಾಳಕ್ಕೆ ಬಾರಿಸ್ಬಾರ್ದಾಗಿತ್ತೇನ್ಲಾ?"

"ನೀನು ಯೋಳೋದ್ರಾಗೆ ಅವ್ನು ಬದುಕ್ತಾನೆ ಕಣ್ಲಾ. ಎಂಗೆ ಬದುಕಿಸ್ತೀಯ ಅಂತ ಕೇಳಾಕೆ ಬತ್ತಿದ್ದೆ."

ಮಗಳು ಬಂದು ಹೊಸ್ತಿಲಲ್ಲಿ ಅವನ ಪಕ್ಕ ಕುಳಿತಳು. ಇಬ್ಬರಿಗೆ ಸಾಲದ ಹೊಸ್ತಿಲು ಅದು. ಅವನು ಸೊಂಟ ಹಿಡಿದುಕೊಂಡು ಸ್ವಲ್ಪ ಸರಿದ. "ಆ ಮಿಸನ್ನು ಬ್ಯಾಡ ಬಿಡು," ಎಂದಳು. "ನಾಳೆ ನಾನೇ ಡಾಕ್ಟ್ರ ತಾವ ಓಗಿ ಇಂಗಿಂಗೆ ಅಂತ ಯೋಳ್ತೀನಿ. ಬೇರೆ ದಾರಿ ಏನೈತೋ ನೋಡ್ಲಿ." ಆಮೇಲೆ ಕೇಳಿದಳು: "ಅವ್ನು ಎಂಥೋನಪ್ಪಾ? ನಿನ್ ಜೊತೆ ಇದ್ದೋನು?"

ಗೆಳೆಯ ಅಂಗಳದ ಮಣ್ಣನ್ನು ನೋಡುತ್ತ ಕುಳಿತಿದ್ದ. ಆಮೇಲೆ ಅವನ ಮುಖದಲ್ಲಿ ಸಣ್ಣ ನಗು ಬಂತು. "ಬಲೇ ವಾಚಾಳಿ," ಎಂದ. "ಕೇಜಲ್ಲಿ ಇಳಿಯೋವಾಗ್ಲೂ ಸುಮ್ಕಿರ್ತಿರ್ಲಿಲ್ಲ ಅವ್ನು. ಅವತ್ತೂನೂವೆ..."

ನಾನು ಕುತ್ತಿಗೆ ಮುಂದೆ ಚಾಚಿದ್ದೆ. ಆಸ್ಪತ್ರೆಯಲ್ಲಿ ಕಾದು ಕುಳಿತ ದಿನದಿಂದ ನಾನು ಕೇಳಬೇಕೆಂದಿದ್ದದ್ದು ಇದನ್ನೇ. ಮಗಳು ತಿರುಗಿ ನನ್ನನ್ನು ನೋಡಿದಳು. ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬೀದಿಗೆ ಬಂದ ಮೇಲೂ ಅವನ ಧ್ವನಿ ಕೇಳುತ್ತಿತ್ತು, ಮಾತು ಅರ್ಧಂಬರ್ಧ ಕಿವಿಗೆ ಬೀಳುತ್ತಿತ್ತು. ಕೇಳಿಸದಷ್ಟು ದೂರ ಹೋಗುವವರೆಗೆ ಬೇಗ ಬೇಗ ನಡೆದೆ.